ತಂಬೂರಿ ನೀರಲ್ಲಿ ಮುಳುಗಿದ್ದೇಕೆ? ದುಬಾರಿ ಸಾಫ್ಟ್‌ವೇರ್ ಕೊಂಡರೆ ಸರಿಹೋಗುತ್ತದೆಯೇ?

ಪ್ರಶ್ನೆ: ಸರ್, ಶರಣು. ನಾನು ಗದಗ-ಬೆಟಗೇರಿಯವಳು. ಮನೆಯಲ್ಲೇ ಮಕ್ಕಳಿಗೆ ಹಿಂದೂಸ್ತಾನಿ ಗಾಯನ, ವಚನ ಸಂಗೀತ ಕಲಿಸುತ್ತೇನೆ. ಒಂದು ವರ್ಷದಿಂದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದೇನೆ. ಒಂದು ಯುಎಸ್‌ಬಿ ಮೈಕು, 4 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪು, ರೆಕಾರ್ಡಿಂಗಿಗೆ ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರು. ಇಷ್ಟೇ ನನ್ನ ಸಾಮಾನು. ನಾನು ಪೇಟಿ (ಹಾರ್ಮೋನಿಯಂ) ಬಾರಿಸಿಕೊಂಡು ಹಾಡಿದ ಮೇಲೆ, ತಮ್ಮ ಅದನ್ನು ಲ್ಯಾಪ್‌ಟಾಪಿನ ಹೆಡ್‌ಫೋನಲ್ಲಿ ಕೇಳುತ್ತ ತಬಲಾ ಬಾರಿಸುತ್ತಾನೆ. ಶುರುವಿನಲ್ಲೇ ತಬಲಾ ಸ್ವಲ್ಪ ಹಿಂದೆ ಇರುತ್ತದೆ. ಹಾಡು ಮುಗಿಯುವ ಹೊತ್ತಿಗೆ ಇನ್ನೂ ತಪ್ಪಿರುತ್ತದೆ. ಪಕ್ಕದ ಮನೆಯಲ್ಲಿ ಮಗ್ಗ ಇದೆ. ಅದರ ಸದ್ದು ತೆಗೆಯಲು, ಹಾಡಿಗೆ ಮೊದಲು ತಂಬೂರಿ ಮಾತ್ರ ಇರುವ ಜಾಗ ಆರಿಸಿ, ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ ಎಫೆಕ್ಟ್ ಹಾಕಿದೆ. ತಂಬೂರಿ ನೀರಿನೊಳಗಿಂದ ಬಂದ ಹಾಗಾಯಿತು, ಮಗ್ಗದ ಸದ್ದು ಹಾಗೇ ಉಳಿಯಿತು. ಪರಿಚಯದವರೊಬ್ಬರು “ಆಡಾಸಿಟಿ ಹುಡುಗರ ಆಟ, ಪ್ರೊ ಟೂಲ್ಸ್ ಇಲ್ಲಾ ಕ್ಯೂಬೇಸ್ ತಗೋರಿ, ಆವಾಗ ಸ್ಟುಡಿಯೋ ದನಿ ಬರ್ತದ” ಅಂದರು. ಇನ್ನೊಬ್ಬರು ಎಫ್‌ಎಲ್ ಸ್ಟುಡಿಯೋ, ಸ್ವರ ತಿದ್ದುವ ಆಟೋ-ಟ್ಯೂನ್ ಎರಡನ್ನೂ ಪೆನ್‌ಡ್ರೈವಿನಿಂದ ಪುಕ್ಕಟೆ ಹಾಕಿಕೊಡುತ್ತೇನೆ ಅನ್ನುತ್ತಾರೆ. ಅವರ ಲ್ಯಾಪ್‌ಟಾಪಿನಲ್ಲಿ ಆಟೋ-ಟ್ಯೂನ್ ಹಾಕಿ ನೋಡಿದೆ, ಸ್ವರದಿಂದ ಸ್ವರಕ್ಕೆ ಜಾರುವ ನನ್ನ ಮೀಂಡೆಲ್ಲ ತುಂಡು ತುಂಡಾಯಿತು. ನನ್ನ ಹಾಡು ಯೂಟ್ಯೂಬಿನಲ್ಲಿ ಬೇರೆಯವರದಕ್ಕಿಂತ ಸಣ್ಣದಾಗಿಯೂ ಕೇಳುತ್ತದೆ. 30 ಸಾವಿರ ಕೂಡಿಸಿಟ್ಟಿದ್ದೇನೆ. ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಉತ್ತರ: ಶರಣು. ಇಷ್ಟು ವಿವರವಾಗಿ ಬರೆದಿದ್ದಕ್ಕೆ ಖುಷಿಯಾಯಿತು. ತಂಬೂರಿ ಇರುವ ಜಾಗ ಆರಿಸಿದೆ, ಲ್ಯಾಪ್‌ಟಾಪಿನ ಹೆಡ್‌ಫೋನಲ್ಲಿ ಕೇಳಿದ ಅಂತ ನೀವು ಬರೆದಿರದಿದ್ದರೆ ರೋಗ ಎಲ್ಲಿದೆ ಎಂದು ಹೇಳುವುದು ನನಗೂ ಕಷ್ಟವಾಗುತ್ತಿತ್ತು.

ನಿಮ್ಮ ಪ್ರಶ್ನೆ ಯಾವುದನ್ನು ಕೊಳ್ಳಲಿ ಅಂತ. ಆದರೆ ಅದರ ಹಿಂದಿರುವ ಚಿಂತೆ ಬೇರೆ. ಪುಕ್ಕಟೆ ಸಾಫ್ಟ್‌ವೇರ್ ಬಳಸುತ್ತಿರುವುದಕ್ಕೇ ನನ್ನ ದನಿ ಚೆನ್ನಾಗಿ ಬರುತ್ತಿಲ್ಲವಾ? ಅಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಹಾಡುವವರನ್ನು, ಬಾರಿಸುವವರನ್ನು ರೆಕಾರ್ಡ್ ಮಾಡುವುದೇ ನನ್ನ ಕೆಲಸ. ಸಾಫ್ಟ್‌ವೇರ್ ಬದಲಿಸಿದ್ದರಿಂದಲೇ ಯಾರದಾದರೂ ದನಿ ಸುಧಾರಿಸಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಆ 30 ಸಾವಿರದಲ್ಲಿ ಸದ್ಯಕ್ಕೆ ಸಾಫ್ಟ್‌ವೇರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಅದೂ ಅಲ್ಲದೆ, ಈಗ ಬರುವ ಪ್ರೊ ಟೂಲ್ಸ್ ಆಗಲಿ ಕ್ಯೂಬೇಸ್ ಆಗಲಿ ನಿಮ್ಮ 4 ಜಿಬಿ ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ಓಡುವುದಿಲ್ಲ. ಅದನ್ನು ಕೊಂಡರೆ ಲ್ಯಾಪ್‌ಟಾಪೂ ಹೊಸದು ಕೊಳ್ಳಬೇಕಾಗುತ್ತದೆ.

“ಸ್ಟುಡಿಯೋ ದನಿ” ಅನ್ನುವ ಮಾತನ್ನು ನೀವೇ ಪರೀಕ್ಷೆ ಮಾಡಬಹುದು. ಒಂದೇ ಹಾಡಿನ ಫೈಲುಗಳನ್ನು ಎರಡು ಬೇರೆ ಸಾಫ್ಟ್‌ವೇರಿಗೆ ಹಾಕಿ. ಯಾವ ಎಫೆಕ್ಟೂ ಹಾಕದೆ, ಫೇಡರ್ (ಸದ್ದು ಏರಿಳಿಸುವ ಗುಂಡಿ) ಮುಟ್ಟದೆ, ಎರಡರಿಂದಲೂ ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಇಡುವ ಫೈಲು) ತೆಗೆಯಿರಿ. ಅವೆರಡನ್ನೂ ಆಡಾಸಿಟಿಯಲ್ಲಿ ಒಂದರ ಕೆಳಗೆ ಒಂದು ಇಟ್ಟು, ಒಂದಕ್ಕೆ ‘ಇನ್‌ವರ್ಟ್’ ಹಾಕಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ಪ್ಲೇ ಮಾಡಿ. ಎರಡೂ ಒಂದೇ ಆಗಿದ್ದರೆ ಒಂದನ್ನೊಂದು ಪೂರ್ತಿ ಅಳಿಸಿಹಾಕುತ್ತವೆ, ಏನೂ ಕೇಳುವುದಿಲ್ಲ. ಎರಡರ ಸೆಟ್ಟಿಂಗೂ ಒಂದೇ ಇದ್ದರೆ ನಿಜಕ್ಕೂ ಏನೂ ಕೇಳುವುದಿಲ್ಲ. ಸದ್ದನ್ನು ಕೂಡಿಸುವುದು ಬರೀ ಲೆಕ್ಕ, ಆ ಲೆಕ್ಕ ಎಲ್ಲ ಕಡೆ ಒಂದೇ. ಹಾಗಾದರೆ ಕೆಲವರಿಗೆ ವ್ಯತ್ಯಾಸ ಕೇಳುವುದು ಯಾಕೆ? ಎಡಕ್ಕೆ ಬಲಕ್ಕೆ ಸದ್ದು ಸರಿಸುವಾಗ, ನಟ್ಟನಡುವೆ ಇರುವುದನ್ನು ಎಷ್ಟು ಇಳಿಸಬೇಕು ಅನ್ನುವ ಸೆಟ್ಟಿಂಗ್ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ. ಒಂದರಲ್ಲಿ 3 ಡೆಸಿಬೆಲ್ ಇಳಿದರೆ ಇನ್ನೊಂದರಲ್ಲಿ ಇಳಿಯುವುದೇ ಇಲ್ಲ. ಸ್ವಲ್ಪ ಜೋರಾಗಿ ಕೇಳಿದ್ದೇ ಚೆಂದ ಅಂತ ಕಿವಿ ನಂಬಿಬಿಡುತ್ತದೆ.

ಸಾಫ್ಟ್‌ವೇರ್‌ಗಳಲ್ಲಿ ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಪ್ರತಿಯೊಂದನ್ನೂ ಒಂದು ಬಗೆಯ ಸಂಗೀತ, ಒಂದು ಬಗೆಯ ಕೆಲಸ ಮನಸ್ಸಲ್ಲಿಟ್ಟುಕೊಂಡು ಮಾಡಿರುತ್ತಾರೆ. ಹಾಡಿಗೆ ಒಂದೇ ಓಟ ಇರುತ್ತದೆ, ಸ್ವರಗಳು ಹನ್ನೆರಡೇ, ಒಬ್ಬೊಬ್ಬರು ಒಂದೊಂದು ದಿನ ಬಂದು ಬಾರಿಸಿ ಹೋಗುತ್ತಾರೆ ಅಂತ ಅವು ಮೊದಲೇ ತಿಳಿದಿರುತ್ತವೆ. ಸಿನಿಮಾ ಹಾಡಿಗೆ ಇದೆಲ್ಲ ಸರಿ. ನೀವು ಹಾಡುವ ವಚನಕ್ಕೆ, ಖ್ಯಾಲಿಗೆ ಸರಿಯಲ್ಲ. ನಿಮಗಾದ ತೊಂದರೆಗಳೆಲ್ಲ ಹುಟ್ಟಿರುವುದು ಬಹುಪಾಲು ಇಲ್ಲೇ.

ಈಗ ತಬಲಾ ವಿಷಯ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಜನ ಇವೆರಡನ್ನೂ ಒಂದೇ ಅಂದುಕೊಂಡು ತಬಲಾದವರನ್ನು ಬೈಯುತ್ತಾರೆ. ಪಾಪ, ನಿಮ್ಮ ತಮ್ಮನದು ಇದರಲ್ಲಿ ಏನೂ ತಪ್ಪಿಲ್ಲ.

ಶುರುವಿನಲ್ಲೇ ಹಿಂದೆ ಇರುವುದು ಲೇಟೆನ್ಸಿ. ಹಾಡು ಲ್ಯಾಪ್‌ಟಾಪಿನಿಂದ ಕಿವಿಗೆ ಬರುವುದಕ್ಕೆ ಸ್ವಲ್ಪ ಹೊತ್ತು ಬೇಕು. ತಬಲಾ ಸದ್ದು ಮೈಕಿನಿಂದ ಒಳಗೆ ಹೋಗುವುದಕ್ಕೂ ಸ್ವಲ್ಪ ಹೊತ್ತು ಬೇಕು. ಇಷ್ಟು ತಡವಾಗಿರಬಹುದು ಅಂತ ಊಹಿಸಿ ಆಡಾಸಿಟಿ ಹೊಸ ಟ್ರ್ಯಾಕನ್ನು ಅಷ್ಟು ಮೊದಲೇ ಶುರುವಾಗುವ ಹಾಗೆ ಎಡಕ್ಕೆ ಸರಿಸುತ್ತದೆ. ಮೊದಲಿಂದ ಇರುವ ಸೆಟ್ಟಿಂಗ್ ಮೈನಸ್ 130 ಮಿಲಿಸೆಕೆಂಡ್. ಇದು ಸುಮ್ನೆ ಒಂದು ಅಂದಾಜು, ನಿಮ್ಮ ಯಂತ್ರದ ಅಳತೆಯಲ್ಲ. ಅಳೆಯುವುದು ಸುಲಭ. ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಅಂತ ಇದೆ, ಅದರಲ್ಲಿ ಟಿಕ್ ಟಿಕ್ ಸದ್ದು ಮಾಡಿಕೊಳ್ಳಿ. ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು ಅದನ್ನು ಎರಡನೇ ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ದೊಡ್ಡದು ಮಾಡಿ ನೋಡಿದರೆ ಎರಡು ಟಿಕ್‌ಗಳ ನಡುವೆ ಎಷ್ಟು ಅಂತರ ಅನ್ನುವುದು ಕಣ್ಣಿಗೇ ಕಾಣುತ್ತದೆ. ಎರಡನೆಯದು ಇನ್ನೂ 60 ಮಿಲಿಸೆಕೆಂಡ್ ತಡವಾಗಿದ್ದರೆ ಮೈನಸ್ 130 ಅನ್ನು ಮೈನಸ್ 190 ಮಾಡಿ. ಇಷ್ಟೇ ಕೆಲಸ.

ಹೋಗುತ್ತಾ ಹೋಗುತ್ತಾ ತಪ್ಪುವುದು ಇದರಿಂದ ಸರಿಹೋಗಲ್ಲ. ಅದರ ಕಾರಣವೇ ಬೇರೆ. ನಿಮ್ಮ ಯುಎಸ್‌ಬಿ ಮೈಕಿನೊಳಗೆ ಒಂದು ಗಡಿಯಾರ ಇದೆ. ಹಾಡು ಕೇಳಿಸುವ ಲ್ಯಾಪ್‌ಟಾಪಿನ ಸೌಂಡ್ ಚಿಪ್ಪಿನಲ್ಲಿ ಇನ್ನೊಂದು ಇದೆ. ಎರಡೂ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಅನ್ನುತ್ತವೆ, ಆದರೆ ಒಂದು ಕೂದಲೆಳೆಯಷ್ಟು ಫರಕು ಇದ್ದೇ ಇರುತ್ತದೆ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ 10 ನಿಮಿಷದಲ್ಲಿ 30 ಮಿಲಿಸೆಕೆಂಡ್ ಆಗಿಬಿಡುತ್ತದೆ. ಶುರುವಿನ ತಡದ ಮೇಲೆ ಇದೂ ಸೇರಿದರೆ ಸಮ್‌ (ತಾಳದ ಮೊದಲ ಮಾತ್ರೆ) ಬೀಳುವಾಗ ಕಿವಿಗೆ ಗೊತ್ತಾಗದೇ ಇರುವುದಿಲ್ಲ. ಇದಕ್ಕೆ ಮದ್ದು ಒಂದೇ: ಕೇಳುವುದೂ ರೆಕಾರ್ಡ್ ಮಾಡುವುದೂ ಒಂದೇ ಸಾಧನದಿಂದ ಆಗಬೇಕು. ನಿಮ್ಮ ಮೈಕಿನ ಮೈಮೇಲೆಯೇ ಹೆಡ್‌ಫೋನ್ ತೂತು ಇದೆಯಾ ನೋಡಿ. ಇದ್ದರೆ ಲ್ಯಾಪ್‌ಟಾಪಿನಿಂದ ತೆಗೆದು ಅಲ್ಲಿಗೆ ಹಾಕಿ, ಆಡಾಸಿಟಿಯಲ್ಲೂ ಪ್ಲೇಬ್ಯಾಕಿಗೆ ಅದೇ ಮೈಕನ್ನು ಆರಿಸಿ. ಖರ್ಚಿಲ್ಲದೆ ಅರ್ಧ ತೊಂದರೆ ಹೋಗುತ್ತದೆ.

ನನ್ನ ಆಸೆ ಏನೆಂದರೆ, ಇಬ್ಬರೂ ಒಟ್ಟಿಗೆ ಕೂತು ಬಾರಿಸಬೇಕು. ಹಾಡುವವರ ಉಸಿರು ನೋಡಿಕೊಂಡು ತಬಲಾ ನಡೆಯುವ ಸಂಗೀತ ನಮ್ಮದು. ಲಯ ಏರುವುದು, ಮುಖಡಾ (ಹಾಡಿನ ಮೊದಲ ಸಾಲು) ಹಿಡಿಯಲು ಒಂದು ಕ್ಷಣ ತಡೆಯುವುದು, ಇದೆಲ್ಲ ಕಣ್ಸನ್ನೆಯಲ್ಲಿ ಆಗುತ್ತದೆ. ಇದೇ ಕಾರಣಕ್ಕೆ ಕ್ಲಿಕ್ (ಸಾಫ್ಟ್‌ವೇರಿನ ಟಿಕ್ ಟಿಕ್ ತಾಳ) ಹಾಕಿಕೊಂಡು ಹಾಡಲೂಬೇಡಿ. ಸಾಫ್ಟ್‌ವೇರಿನ ಪರದೆಯ ಮೇಲೆ ಕಾಣುವ ಗೆರೆಗಳು ನಾಲ್ಕು ನಾಲ್ಕು ಎಣಿಕೆಯವು. ಝಪ್‌ತಾಳದ ಹತ್ತು ಮಾತ್ರೆಯೋ ರೂಪಕದ ಏಳೋ ಆದರೆ ಗೆರೆ ಬದಲಿಸಿಕೊಳ್ಳಬಹುದು. ಆದರೆ ಆವರ್ತನದಿಂದ ಆವರ್ತನಕ್ಕೆ ತುಸು ತುಸು ಏರುವ ಲಯಕ್ಕೆ ಯಾವ ಗೆರೆಯೂ ಹೊಂದುವುದಿಲ್ಲ. ಆ ಗೆರೆಗಳ ಗ್ರಿಡ್, ಸದ್ದನ್ನು ಗೆರೆಗೆ ಅಂಟಿಸುವ ಸ್ನ್ಯಾಪ್ ಎರಡನ್ನೂ ಆಫ್ ಮಾಡಿಬಿಡಿ.

ಇನ್ನು ತಂಬೂರಿ ಮುಳುಗಿದ ಕಥೆ. ನಾಯ್ಸ್ ರಿಡಕ್ಷನ್ ಕೆಲಸ ಮಾಡುವುದು ಹೀಗೆ: ನೀವು ತೋರಿಸಿದ ತುಣುಕಿನಲ್ಲಿ ಯಾವ ಯಾವ ಕಂಪನ ಎಷ್ಟಿದೆ ಅಂತ ಅದು ಬರೆದುಕೊಳ್ಳುತ್ತದೆ. ಆಮೇಲೆ ಹಾಡಿನುದ್ದಕ್ಕೂ ಆ ಕಂಪನಗಳು ಆ ಮಟ್ಟದಲ್ಲಿ ಸಿಕ್ಕಾಗೆಲ್ಲ ಅದುಮಿಹಾಕುತ್ತದೆ. ನೀವು ತೋರಿಸಿದ ತುಣುಕಿನಲ್ಲಿ ಏನಿತ್ತು? ತಂಬೂರಿ! ಇದೇ ಗದ್ದಲ, ಇದನ್ನು ತೆಗೆ ಅಂತ ಸಾಫ್ಟ್‌ವೇರಿಗೆ ನಾವೇ ಹೇಳಿದ ಹಾಗಾಯಿತು. ತಂಬೂರಿ ಬಿಡುವಿಲ್ಲದೆ ನುಡಿಯುತ್ತದೆ, ಕುದುರೆಯ ಮೇಲೆ ತಂತಿ ಝೇಂಕರಿಸುವ ಜೀವಾರಿಯಿಂದಾಗಿ ಅದರಲ್ಲಿ ಮೇಲಿನ ಕಂಪನಗಳು ತುಂಬ ಇರುತ್ತವೆ. ಅವು ಬಿಟ್ಟು ಬಿಟ್ಟು ಮಾಯವಾದಾಗ ಆ ನೀರಿನ ಗುಳುಗುಳು ಸದ್ದು ಹುಟ್ಟುತ್ತದೆ. ಮಗ್ಗದ್ದು ಇದಕ್ಕೆ ತದ್ವಿರುದ್ಧ. ಅದು ಲಟಕ್ ಲಟಕ್ ಅಂತ ಬಡಿಯುವ ಸದ್ದು. ಒಂದೇ ಸಮನೆ ಇರುವ ಫ್ಯಾನಿನ ಸುಯ್ ಅನ್ನುವ ಸದ್ದನ್ನು ಈ ಉಪಾಯ ಹಿಡಿಯುತ್ತದೆ, ಬಡಿತವನ್ನು ಹಿಡಿಯುವುದಿಲ್ಲ. ಎಷ್ಟು ದುಡ್ಡಿನ ಸಾಫ್ಟ್‌ವೇರ್ ತಂದರೂ ಹಾಡಿನ ನಡುವೆ ಬಿದ್ದ ಮಗ್ಗದ ಬಡಿತವನ್ನು, ದನಿ ಕೆಡದ ಹಾಗೆ, ಪೂರ್ತಿ ತೆಗೆಯುವುದು ಬಹಳ ಕಷ್ಟ.

ಹಾಗಾಗಿ ಅದು ಮೈಕಿಗೆ ಬೀಳದ ಹಾಗೆ ನೋಡಿಕೊಳ್ಳುವುದೇ ದಾರಿ. ಮಗ್ಗ ನಿಂತ ಹೊತ್ತು ನಿಮಗೆ ಗೊತ್ತೇ ಇರುತ್ತದೆ, ಊಟದ ಹೊತ್ತೋ ರಾತ್ರಿಯೋ. ಆಗ ರೆಕಾರ್ಡ್ ಮಾಡಿ. ಹಾಗಾಗದಿದ್ದರೆ ಮೈಕಿನ ಹತ್ತಿರ ಬನ್ನಿ. ದೂರ ಅರ್ಧಕ್ಕೆ ಇಳಿದರೆ ನಿಮ್ಮ ದನಿ 6 ಡೆಸಿಬೆಲ್ ಏರುತ್ತದೆ, ಮಗ್ಗದ್ದು ಇದ್ದಷ್ಟೇ ಇರುತ್ತದೆ. ಎರಡಡಿ ದೂರದಿಂದ ಒಂದಡಿಗೆ, ಅಲ್ಲಿಂದ ಅರ್ಧ ಅಡಿಗೆ ಬಂದರೆ 12 ಡೆಸಿಬೆಲ್ ಲಾಭ. ಯಾವ ಎಫೆಕ್ಟೂ ಇಷ್ಟು ಸ್ವಚ್ಛವಾಗಿ ಈ ಕೆಲಸ ಮಾಡಿಕೊಡಲ್ಲ. ಮೈಕಿಗೆ ನೇರ ಎದುರಾಗದೆ ಸ್ವಲ್ಪ ಓರೆಯಾಗಿ ಕೂತರೆ ಉಸಿರು ಬಡಿಯುವುದಿಲ್ಲ. ಮೈಕಿನ ಬೆನ್ನು ಮಗ್ಗದ ಗೋಡೆಯ ಕಡೆ ಇರಲಿ. ಕಾರ್ಡಿಯಾಯ್ಡ್ ಮೈಕಾದರೆ ಬೆನ್ನ ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತದೆ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಜಾಸ್ತಿ. ನಿಲ್ಲುವುದಿಲ್ಲ. ಸದ್ದು ನಿಲ್ಲಬೇಕಾದರೆ ಭಾರ ಬೇಕು, ಸಂದು ಮುಚ್ಚಿರಬೇಕು. ಟ್ರೇಯಲ್ಲಿ ಎರಡೂ ಇಲ್ಲ. ಕೋಣೆಯೊಳಗಿನ ಮಾರ್ದನಿ ಕಡಿಮೆ ಮಾಡಲಾದರೂ ಬೇಕು ಅಂದರೆ ಅದಕ್ಕಿಂತ ಕೌದಿ ಎಷ್ಟೋ ವಾಸಿ. ಮನೆಯಲ್ಲಿರುವ ದಪ್ಪನೆಯ ಎರಡು ಕೌದಿಗಳನ್ನು ನಿಮ್ಮ ಬೆನ್ನ ಹಿಂದೆ, ಪಕ್ಕದಲ್ಲಿ ಹಗ್ಗ ಕಟ್ಟಿ ಇಳಿಬಿಡಿ. ಗೋಡೆಗೆ ಅಂಟಿದ ಹಾಗಲ್ಲ, ಒಂದು ಗೇಣು ಬಿಟ್ಟು. ಮೈಕು ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು, ಅದಕ್ಕೇ ಕೌದಿ ಬೆನ್ನ ಹಿಂದೆ ಇರಬೇಕು. ಮೇಲೆ ತಗಡಿನ ಮಾಡಿದ್ದರೆ ಆ ಕೋಣೆ ಬಿಟ್ಟುಬಿಡಿ. ಮಣ್ಣಿನ ಮಾಳಿಗೆಯ ಕೋಣೆ ಇದ್ದರೆ ನಿಮ್ಮ ಅದೃಷ್ಟ, ಅಷ್ಟು ಒಳ್ಳೆಯ ದನಿ ಹೊಸ ಆರ್‌ಸಿಸಿ ಮನೆಗಳಲ್ಲಿ ಬರಲ್ಲ.

ತಂಬೂರಿಯನ್ನು ಹಾಡಿನ ಜೊತೆ ಮೈಕಿಗೆ ಬಿಡಬೇಡಿ. ಎಲೆಕ್ಟ್ರಾನಿಕ್ ತಂಬೂರಿಯೋ ಮೊಬೈಲ್ ಆ್ಯಪೋ ಇದ್ದರೆ ಅದನ್ನು ಮೊದಲು ಬೇರೆ ಟ್ರ್ಯಾಕಿಗೆ ತುಂಬಿಕೊಂಡು, ಹೆಡ್‌ಫೋನಿನ ಒಂದೇ ಕಿವಿಗೆ ಹಾಕಿಕೊಂಡು ಹಾಡಿ. ಹಾಡುವ ಮೊದಲು 10 ಸೆಕೆಂಡು ಸುಮ್ಮನೆ ಕೂತು ಕೋಣೆಯ ಮೌನ ರೆಕಾರ್ಡ್ ಮಾಡಿ. ನಾಯ್ಸ್ ರಿಡಕ್ಷನಿಗೆ ಅದನ್ನೇ ತೋರಿಸಿ, ಅದೂ ಗಾಯನದ ಟ್ರ್ಯಾಕಿಗೆ ಮಾತ್ರ, 6 ಡೆಸಿಬೆಲ್ಲಿಗಿಂತ ಜಾಸ್ತಿ ಬೇಡ. ಹಿನ್ನೆಲೆಯಲ್ಲಿ ಗುಂಯ್ ಅನ್ನುವ ಸದ್ದು ಇದ್ದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ನಮ್ಮ ಕರೆಂಟಿನ 50 ಹರ್ಟ್ಸ್ ಕಂಪನ, ಅದರ ಮೇಲಿನ 100, 150 ಹೆಚ್ಚಾಗಿ ಆ ದಾರಿಯಲ್ಲೇ ಒಳಗೆ ಬರುತ್ತವೆ.

ಆಟೋ-ಟ್ಯೂನ್ ಬಗ್ಗೆ ನನಗೆ ಕಾಳಜಿ ಜಾಸ್ತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಬಂದದ್ದು 1997ರಲ್ಲಿ. ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮೊದಲು ಎಣ್ಣೆ ಹುಡುಕುವವರಿಗಾಗಿ ಭೂಮಿಯೊಳಗಿನ ಕಂಪನಗಳ ಲೆಕ್ಕ ಮಾಡುತ್ತಿದ್ದರು. ಹಾಡುವವರು ಯಾವ ಸ್ವರದ ಹತ್ತಿರ ಇದ್ದಾರೆ ಅಂತ ನೋಡಿ, ದನಿಯನ್ನು ಆ ಸ್ವರಕ್ಕೆ ಎಳೆದು ನಿಲ್ಲಿಸುವುದು ಅದರ ಕೆಲಸ. ಷಡ್ಜದಿಂದ ಗಂಧಾರಕ್ಕೆ ಮೀಂಡಿನಲ್ಲಿ ಜಾರುತ್ತ ಹೋದರೆ ಅದಕ್ಕೆ ಕಾಣುವುದು ನಡುವೆ ಸಿಗುವ ಒಂದೊಂದು ಸ್ವರ. ಪ್ರತಿಯೊಂದಕ್ಕೂ ಎಳೆದು ನಿಲ್ಲಿಸುತ್ತದೆ. ನಿಮ್ಮ ಮೀಂಡ್ ತುಂಡಾದದ್ದು ಹೀಗೆ. ದರಬಾರಿ ರಾಗದ ಗಂಧಾರದ ಆಂದೋಲನ (ನಿಧಾನದ ತೂಗಾಟ) ಅದಕ್ಕೆ ದೋಷವಾಗಿ ಕಾಣುತ್ತದೆ, ಅದನ್ನು ನೇರ ಮಾಡಿಬಿಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಹಾನಿ ಇನ್ನೊಂದಿದೆ. ಅದು ಎಳೆಯುವ ಸ್ವರಗಳು ಸಪ್ತಕವನ್ನು ಸರಿಸಮ ಹನ್ನೆರಡು ಭಾಗ ಮಾಡಿದಾಗ ಸಿಗುವಂಥವು. ಒಂದು ಭಾಗಕ್ಕೆ 100 ಸೆಂಟ್ ಅನ್ನುತ್ತಾರೆ. ಆ ಲೆಕ್ಕದಲ್ಲಿ ಶುದ್ಧ ಗಂಧಾರ 400 ಸೆಂಟಿಗೆ ಬರಬೇಕು. ಆದರೆ ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿಯಿಂದ ತಾನಾಗಿ ಹುಟ್ಟುವ ಗಂಧಾರ ಇರುವುದು 386ರಲ್ಲಿ. ನೀವು ಕಣ್ಣು ಮುಚ್ಚಿ ತಂಬೂರಿಗೆ ಕೂಡಿಸಿ ಹಾಡಿದ್ದು ಈ 386. ಅದನ್ನು 14 ಸೆಂಟ್ ಏರಿಸಿ ತಂಬೂರಿಗೇ ಹೊಂದದ ಹಾಗೆ ಮಾಡುತ್ತದೆ ಆಟೋ-ಟ್ಯೂನ್. ಪಂಚಮದಲ್ಲಿ ಫರಕು ಬರೀ 2 ಸೆಂಟ್, ಗೊತ್ತಾಗುವುದಿಲ್ಲ. ಶುದ್ಧ ಧೈವತದಲ್ಲಿ 16, ಚೆನ್ನಾಗೇ ಗೊತ್ತಾಗುತ್ತದೆ. ಪೇಟಿಯ ಶ್ರುತಿಯೂ ಹೆಚ್ಚುಕಡಿಮೆ ಸರಿಸಮ ಭಾಗದ್ದೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಈ ಶ್ರುತಿಯ ತಕರಾರೂ ಒಂದು ಕಾರಣ. ಆದರೆ ಪೇಟಿ ಪಕ್ಕದಲ್ಲಿ ಇರುತ್ತದೆ, ನಿಮ್ಮ ಗಂಟಲನ್ನು ಹಿಡಿದು ಎಳೆಯುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಿವಿ ತಿದ್ದಿದ ಊರು ನಿಮ್ಮದು. ಗಂಧಾರ ಒಂದೆಳೆ ಏರಿದರೂ ನಿಮ್ಮ ಸುತ್ತಮುತ್ತ ಕೇಳುವವರಿಗೆ ಗೊತ್ತಾಗುತ್ತದೆ.

ಒಂದೇ ಒಂದು ಸ್ವರ ತಪ್ಪಿದೆ, ಉಳಿದದ್ದೆಲ್ಲ ಅಪರೂಪಕ್ಕೆ ಕೂಡಿ ಬಂದಿದೆ ಅನ್ನುವಾಗ ಅದೊಂದನ್ನು ಕೈಯಿಂದ ತಿದ್ದುವುದಕ್ಕೆ ನನ್ನ ವಿರೋಧ ಇಲ್ಲ. ಮೆಲೊಡೈನ್ ಅನ್ನುವ ಸಾಫ್ಟ್‌ವೇರ್ ಅದಕ್ಕೆ ಒಳ್ಳೆಯದು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬರುವ ರೀಟ್ಯೂನಿನಲ್ಲೂ ಕೈಯಿಂದ ತಿದ್ದಬಹುದು. ಇಡೀ ಹಾಡಿಗೆ ಹಾಕಿ ಬಿಡುವುದು ಮಾತ್ರ ಬೇಡ. ಮಕ್ಕಳ ಹಾಡಿಗಂತೂ ಬೇಡವೇ ಬೇಡ. ತಮ್ಮ ದನಿ ಎಲ್ಲಿ ನಿಂತಿದೆ ಅಂತ ಅವರು ಕೇಳಿ ಕಲಿಯಬೇಕಾದ ವಯಸ್ಸು ಅದು.

ಈಗ ಬೇರೆ ಬೇರೆ ಸಾಫ್ಟ್‌ವೇರ್‌ಗಳ ಬಗ್ಗೆ. ಆಡಾಸಿಟಿ ಹುಡುಗರ ಆಟ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಜನರ ಕೈಗೆ ಬಂತು. ಈಗಲೂ ಪುಕ್ಕಟೆ. ಕತ್ತರಿಸಿ ಜೋಡಿಸುವುದಕ್ಕೆ, ಒಂದೆರಡು ಟ್ರ್ಯಾಕಿಗೆ ಇಷ್ಟು ಸುಲಭವಾದದ್ದು ಇನ್ನೊಂದಿಲ್ಲ. 2022ರ 3.2 ಆವೃತ್ತಿಯಿಂದ ಎಫೆಕ್ಟುಗಳನ್ನು ಹಾಡು ಓಡುತ್ತಿರುವಾಗಲೇ ಹಾಕಿ ಕೇಳಬಹುದು, ಬೇಡವಾದರೆ ತೆಗೆಯಬಹುದು. ನಿಮ್ಮದು ಹಳೆಯದಾಗಿದ್ದರೆ ಇದೊಂದಕ್ಕಾಗಿ ಹೊಸದು ಹಾಕಿಕೊಳ್ಳಿ. ಅದರ ಕೊರತೆ ಏನೆಂದರೆ, ವಿಂಡೋಸಿಗೆ ಸಿಗುವ ಸಾಮಾನ್ಯ ಆವೃತ್ತಿಯಲ್ಲಿ ಆಡಿಯೋ ಸಾಧನದ ಜೊತೆ ನೇರ ಮಾತಾಡುವ ಆ್ಯಸಿಯೋ ಡ್ರೈವರ್ ಇಲ್ಲ. ಅದಿಲ್ಲದೆ ಎರಡಕ್ಕಿಂತ ಜಾಸ್ತಿ ಮೈಕು ಒಟ್ಟಿಗೆ ರೆಕಾರ್ಡ್ ಮಾಡುವುದು ಕಷ್ಟ. ಸಂಗೀತದ ಕೀಬೋರ್ಡಿನಲ್ಲಿ ಯಾವ ಮನೆ ಒತ್ತಿದಿರಿ ಅಂತ ಬರೆದುಕೊಳ್ಳುವ ಮಿಡಿ ರೆಕಾರ್ಡಿಂಗ್ ಕೂಡ ಇಲ್ಲ.

ಮುಂದಿನ ಹೆಜ್ಜೆಗೆ ನಾನು ಹೇಳುವುದು ರೀಪರ್. ಅದರ ಫೈಲು ಬಹಳ ಚಿಕ್ಕದು, ನಿಮ್ಮ ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಯಾವುದನ್ನೂ ಮುಚ್ಚಿಟ್ಟಿರುವುದಿಲ್ಲ. ನಿಮ್ಮಂಥವರಿಗೆ ಲೈಸೆನ್ಸ್ 60 ಡಾಲರ್. ತೊಂದರೆ ಎಂದರೆ ನೋಡಲು ಬೋಳುಬೋಳು, ಮೆನುಗಳ ಕಾಡು, ಮೊದಲ ಒಂದು ತಿಂಗಳು ತಲೆ ಕೆಡುತ್ತದೆ. ಒಳಗೆ ವಾದ್ಯಗಳ ಸದ್ದು ಸಿಗುವುದೂ ಕಡಿಮೆ. ನಿಮಗೆ ಅವು ಬೇಕಾಗಿಯೂ ಇಲ್ಲ.

ಎಫ್‌ಎಲ್ ಸ್ಟುಡಿಯೋ ಬೀಟ್ ಕಟ್ಟುವುದಕ್ಕೆ ಚೆಂದ, ಡಿಜೆ ಹಾಡು ಮಾಡುವ ಹುಡುಗರಿಗೆ ಒಗ್ಗುತ್ತದೆ. ಅದರ ಎಲ್ಲಕ್ಕಿಂತ ಅಗ್ಗದ ಆವೃತ್ತಿಯಲ್ಲಿ ಮೈಕಿನಿಂದ ಹಾಡು ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ಕ್ಯೂಬೇಸ್ ಸಂಗೀತ ಸಂಯೋಜಕರ ಕೈಗೆ ಒಳ್ಳೆಯ ಸಾಧನ. ಪ್ರೊ ಟೂಲ್ಸ್ ದೊಡ್ಡ ಸ್ಟುಡಿಯೋಗಳಲ್ಲಿ ಒಬ್ಬರ ಕೆಲಸ ಇನ್ನೊಬ್ಬರು ಮುಂದುವರಿಸುವುದಕ್ಕೆ ಅನುಕೂಲ. ಅದರ ಇಂಟ್ರೊ ಆವೃತ್ತಿ ಪುಕ್ಕಟೆ ಸಿಗುತ್ತದೆ, 8 ಆಡಿಯೋ ಟ್ರ್ಯಾಕ್ ಮಾತ್ರ. ಲಾಜಿಕ್ ಪ್ರೊ, ಗರಾಜ್‌ಬ್ಯಾಂಡ್ ಆ್ಯಪಲ್ ಯಂತ್ರ ಇದ್ದವರಿಗೆ.

ಪೆನ್‌ಡ್ರೈವಿನದು ಬೇಡ. ಬೀಗ ಒಡೆದ ಸಾಫ್ಟ್‌ವೇರ್ ಹಾಕುವಾಗ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅನ್ನುತ್ತಾರೆ. ಅಲ್ಲೇ ಅರ್ಥವಾಗಬೇಕು. ಫೈಲುಗಳನ್ನೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಹಬ್ಬುವ ದಾರಿಗಳಲ್ಲಿ ಇದೂ ಒಂದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ವರ್ಷದ ಹಾಡುಗಳಿವೆ, ಮಕ್ಕಳ ದನಿ ಇದೆ. ಅದನ್ನು ಪಣಕ್ಕಿಡಬೇಡಿ.

ಯೂಟ್ಯೂಬಿನಲ್ಲಿ ಸಣ್ಣದಾಗಿ ಕೇಳುವುದಕ್ಕೆ ಸುಲಭ ಪರಿಹಾರ ಇದೆ. ಜಾಸ್ತಿ ಜೋರಾಗಿರುವುದನ್ನು ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್‌ಗೆ (ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಅಳತೆ) ಇಳಿಸುತ್ತದೆ, ಕಡಿಮೆ ಇರುವುದನ್ನು ಏರಿಸುವುದಿಲ್ಲ. ಆಡಾಸಿಟಿಯ ‘ಲೌಡ್‌ನೆಸ್ ನಾರ್ಮಲೈಸೇಶನ್’ನಲ್ಲಿ ಮೈನಸ್ 16 ಕೊಡಿ. ಆಮೇಲೆ ಲಿಮಿಟರ್ ಹಾಕಿ ಶಿಖರಗಳು ಮೈನಸ್ 1 ದಾಟದ ಹಾಗೆ ನೋಡಿಕೊಳ್ಳಿ. ಇನ್ನೂ ಜೋರು ಮಾಡಲು ಹೋದರೆ ಆಲಾಪದ ಏರಿಳಿತ ಸಾಯುತ್ತದೆ. ರೆಕಾರ್ಡ್ ಮಾಡುವಾಗ ಮಾತ್ರ ಅವಸರ ಬೇಡ. ತಾರ ಷಡ್ಜ ಹಿಡಿದಾಗ ಮೀಟರು ಮೈನಸ್ 12ರ ಹತ್ತಿರ ಬಂದರೆ ಸಾಕು. ಒಳಗೆ ಬರುವಾಗಲೇ ಒಡೆದ ದನಿಯನ್ನು ಆಮೇಲೆ ಕೂಡಿಸಲು ಆಗುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಮೊದಲು ಒಂದು ತಿಂಗಳು ಏನೂ ಕೊಳ್ಳದೆ ಮೇಲೆ ಹೇಳಿದ್ದನ್ನು ಮಾಡಿ. ಅಷ್ಟರಲ್ಲೇ ನಿಮಗೆ ಸಮಾಧಾನವಾದರೆ 30 ಸಾವಿರ ಹಾಗೇ ಇರಲಿ. ತಮ್ಮನ ಜೊತೆ ಕೂತೇ ರೆಕಾರ್ಡ್ ಮಾಡಬೇಕು ಅನ್ನಿಸಿದರೆ ಎರಡು ಮೈಕು ಹಿಡಿಸುವ ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ) ಒಂದು, ಎರಡು ಡೈನಮಿಕ್ ಮೈಕು, ಸ್ಟ್ಯಾಂಡು, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ತಗೊಳ್ಳಿ. ಹಣ ಉಳಿದರೆ ರೀಪರ್. ಇಲ್ಲಿರುವ ಅಪಾಯ ಇದು: ಎರಡು ಮೈಕು ಹತ್ತಿರ ಹತ್ತಿರ ಇದ್ದರೆ ತಬಲಾ ಸದ್ದು ನಿಮ್ಮ ಮೈಕಿಗೂ ತುಸು ತಡವಾಗಿ ಬಿದ್ದು ಡಗ್ಗಾದ (ಎಡಗೈಯ ದಪ್ಪ ದನಿಯ ತಬಲಾದ) ತೂಕ ಹೋಗುತ್ತದೆ. ನಿಮಗೂ ನಿಮ್ಮ ಮೈಕಿಗೂ ಒಂದಡಿ ಇದ್ದರೆ ಮೈಕುಗಳ ನಡುವೆ ಮೂರಡಿಯಾದರೂ ಇರಲಿ.

ಇನ್ನೊಂದು ದಾರಿ, ಮನೆಯಲ್ಲಿ ಹಾಡಿ ಮಿಕ್ಸಿಂಗ್ ಮಾತ್ರ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಮಾಡಿಸುವುದು. ವರ್ಷಕ್ಕೆ ಒಂದೆರಡು ಹಾಡಿಗೆ ಇದು ಒಳ್ಳೆಯದು. ಆದರೆ ಹಿಂದೂಸ್ತಾನಿ ಕೇಳಿದ ಕಿವಿ ಇರುವವರನ್ನೇ ಹುಡುಕಿ, ಆಟೋ-ಟ್ಯೂನ್ ಬೇಡ ಅಂತ ಮೊದಲೇ ಹೇಳಿಬಿಡಿ. ಅವರಿಗೆ ಆಡಾಸಿಟಿಯ ಪ್ರಾಜೆಕ್ಟ್ ಫೈಲ್ ಕೊಟ್ಟರೆ ಅವರ ಸಾಫ್ಟ್‌ವೇರಿನಲ್ಲಿ ತೆರೆಯುವುದಿಲ್ಲ. ಗಾಯನ, ಪೇಟಿ, ತಬಲಾ, ತಂಬೂರಿ, ಯಾವ ಯಾವುದಕ್ಕೆ ಬೇರೆ ಟ್ರ್ಯಾಕ್ ಇದೆಯೋ ಅದನ್ನೆಲ್ಲ ಬೇರೆ ಬೇರೆ ವೇವ್ ಫೈಲ್ ಮಾಡಿ. ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಿರಲಿ, 24 ಬಿಟ್, 48 ಕಿಲೋಹರ್ಟ್ಸ್. ಒಂದು ಟ್ರ್ಯಾಕು ನಿಮಿಷಕ್ಕೆ ಎಂಟೂವರೆ ಎಂಬಿಯಷ್ಟು ಆಗುತ್ತದೆ. ಎಂಪಿ3 ಮಾಡಿ ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಡಿ.

ಇದೇ ವೇವ್ ಫೈಲುಗಳ ಇನ್ನೊಂದು ಪ್ರತಿಯನ್ನು ಲ್ಯಾಪ್‌ಟಾಪಿನ ಹೊರಗೆ ಒಂದು ಹಾರ್ಡ್ ಡಿಸ್ಕಿನಲ್ಲಿ ಇಡಿ. ನಾಯ್ಸ್ ರಿಡಕ್ಷನ್ ಹಾಕುವ ಮೊದಲಿನ ಮೂಲ ರೆಕಾರ್ಡಿಂಗ್ ಇನ್ನೂ ಉಳಿದಿದ್ದರೆ ಅಳಿಸಬೇಡಿ. ಮಗ್ಗದ ಸದ್ದು ಇದ್ದರೂ ಅದರಲ್ಲಿ ನಿಮ್ಮ ತಂಬೂರಿ ಪೂರ್ತಿಯಾಗಿದೆ. ಅದನ್ನು ನನಗೆ ಕಳಿಸಿಕೊಟ್ಟರೆ ಎಷ್ಟು ಉಳಿಸಬಹುದು ಅಂತ ಕೇಳಿ ಹೇಳುತ್ತೇನೆ.